ಒಣಗುವ ಬಾಯಿ, ಕೆನ್ನೆಯ ಗಡ್ಡೆ, ಹೆಪಟೈಟಿಸ್ ಸಿ: ಅತ್ತೆಯವರ ಲಿಂಫೋಮಾ ರಿಪೋರ್ಟ್ ಬಗ್ಗೆ ತಿಳಿದವರು ವಿವರಿಸಬೇಕಾಗಿ ವಿನಂತಿ

ಡೊಂಬಿವಲಿಯ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯವರಿಗೆ 64 ವರ್ಷ. ಕಣ್ಣು ಮತ್ತು ಬಾಯಿ ಒಣಗುವುದು, ಬೆರಳುಗಳ ಕೀಲುನೋವು, ವಿಪರೀತ ಸುಸ್ತು ಇವೆಲ್ಲ ಬಹಳ ವರ್ಷಗಳಿಂದ ಇವೆ. ಚಪಾತಿಯನ್ನು ಸಾರಿನಲ್ಲಿ ನೆನೆಸದೆ ಅವರಿಗೆ ನುಂಗಲು ಆಗುವುದಿಲ್ಲ, ರಾತ್ರಿ ಹಾಸಿಗೆಯ ಪಕ್ಕದಲ್ಲಿ ನೀರಿನ ತಂಬಿಗೆ ಇರಲೇಬೇಕು. ಸಂಧಿವಾತ ತಜ್ಞರೊಬ್ಬರು ಇದು ಶೋಗ್ರೆನ್ ಕಾಯಿಲೆ, ಅಂದರೆ ಶರೀರದ ರೋಗನಿರೋಧಕ ಶಕ್ತಿ ತನ್ನದೇ ಜೊಲ್ಲು ಮತ್ತು ಕಣ್ಣೀರಿನ ಗ್ರಂಥಿಗಳ ಮೇಲೆ ತಿರುಗಿಬೀಳುವ ಕಾಯಿಲೆ ಎಂದು ಹೇಳಿ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನೂ ಕಣ್ಣಿಗೆ ಹಾಕುವ ಹನಿಯನ್ನೂ ಬರೆದುಕೊಟ್ಟಿದ್ದರು.

ಕಳೆದ ವರ್ಷ ಅವರ ಎಡಗಿವಿಯ ಕೆಳಗೆ ಊತ ಕಾಣಿಸಿಕೊಂಡಿತು. ಊರಿನಿಂದ ಬಂದಿದ್ದ ಚಿಕ್ಕಮ್ಮ ಮಂಗನಬಾವು ಎಂದರು. ಮನೆಯ ಹತ್ತಿರದ ದವಾಖಾನೆಯಲ್ಲಿ ಮೊದಲು ಆಂಟಿಬಯಾಟಿಕ್ ಕೊಟ್ಟರು, ಆಮೇಲೆ ಸ್ಟೀರಾಯ್ಡ್ ಕೊಟ್ಟರು. ಊತ ಇಳಿದಂತಾಗಿ, ಮಾತ್ರೆ ನಿಲ್ಲಿಸಿದ ಮೇಲೆ ಮತ್ತೆ ಬಂದಿತು. ಈ ನಡುವೆ ಎರಡೂ ಕಣಕಾಲುಗಳ ಮೇಲೆ ಸಣ್ಣ ಸಣ್ಣ ನೇರಳೆ ಚುಕ್ಕೆಗಳು ಎದ್ದು, ಒಣಗಿ, ಕಂದು ಕಲೆ ಬಿಟ್ಟು ಹೋಗುತ್ತಿವೆ. ಕೊನೆಗೆ ದೊಡ್ಡ ಆಸ್ಪತ್ರೆಯಲ್ಲಿ ಬಯಾಪ್ಸಿ ಮಾಡಿಸಿದಾಗ ಪರೋಟಿಡ್ ಗ್ರಂಥಿಯ (ಕಿವಿಯ ಕೆಳಗಿನ ಜೊಲ್ಲುಗ್ರಂಥಿ) ಮಾಲ್ಟ್ ಲಿಂಫೋಮಾ, ಅಂದರೆ ಬಿಳಿರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್ ಎಂದು ರಿಪೋರ್ಟ್ ಬಂದಿದೆ. ಚಿಕಿತ್ಸೆಗೆ ಮುನ್ನ ಮಾಡಿದ ರಕ್ತಪರೀಕ್ಷೆಯಲ್ಲಿ ಯಕೃತ್ತಿಗೆ ತಗಲುವ ಹೆಪಟೈಟಿಸ್ ಸಿ ವೈರಸ್ಸಿನ ಪ್ರತಿಕಾಯ ಪಾಸಿಟಿವ್ ಎಂದಿದೆ. 1986ರಲ್ಲಿ ನನ್ನ ಯಜಮಾನರ ಹೆರಿಗೆಯ ಸಮಯದಲ್ಲಿ ಅತ್ತೆಯವರಿಗೆ ರಕ್ತ ಕೊಟ್ಟಿದ್ದರಂತೆ, ಅದರ ಹೊರತು ಬೇರೆ ಕಾರಣ ನಮಗೆ ತೋಚುತ್ತಿಲ್ಲ.

ಇವು ಮೂರು ಬೇರೆ ಬೇರೆ ಕಾಯಿಲೆಗಳೇ, ಅಥವಾ ಒಂದರಿಂದ ಒಂದು ಹುಟ್ಟಿದ್ದೇ? ಮೊದಲು ಯಾವುದಕ್ಕೆ ಚಿಕಿತ್ಸೆ ಆಗಬೇಕು? ಇನ್ನೊಂದು ಮಾತನ್ನೂ ಹೇಳಲೇಬೇಕು. ರಿಪೋರ್ಟ್ ಬಂದ ದಿನದಿಂದ ಅತ್ತೆಯವರು ತಮ್ಮ ತಟ್ಟೆ, ಲೋಟಗಳನ್ನು ತಾವೇ ಬೇರೆ ಇಟ್ಟುಕೊಂಡಿದ್ದಾರೆ, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದಿಲ್ಲ. ಇದನ್ನು ನೋಡಲು ನನ್ನಿಂದ ಆಗುತ್ತಿಲ್ಲ.

ಪುಣೆಯ ರಕ್ತರೋಗ ವೈದ್ಯ

ಸಹೋದರಿ, ಕೊನೆಯ ಮಾತಿಗೆ ಮೊದಲು ಉತ್ತರಿಸುತ್ತೇನೆ. ಹೆಪಟೈಟಿಸ್ ಸಿ ಊಟ, ನೀರು, ತಟ್ಟೆ, ಲೋಟ, ಅಪ್ಪುಗೆ, ಮುತ್ತು ಇವುಗಳಿಂದ ಹರಡುವುದಿಲ್ಲ. ಅದು ರಕ್ತದಿಂದ ರಕ್ತಕ್ಕೆ ಹೋಗುವ ವೈರಸ್. ರೇಜರ್, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿ ಇಷ್ಟನ್ನು ಅವರಿಗೆ ಪ್ರತ್ಯೇಕವಾಗಿ ಇಟ್ಟರೆ ಸಾಕು. ಮೊಮ್ಮಗಳನ್ನು ಈ ಸಂಜೆಯೇ ಅವರ ತೊಡೆಯ ಮೇಲೆ ಕೂರಿಸಿ. ಯಜಮಾನರೂ ಅವರ ಒಡಹುಟ್ಟಿದವರೂ ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ತಾಯಿಯಿಂದ ಮಗುವಿಗೆ ಹೆರಿಗೆಯ ವೇಳೆ ಈ ವೈರಸ್ ದಾಟುವ ಸಾಧ್ಯತೆ ಸ್ವಲ್ಪಮಟ್ಟಿಗೆ ಇದೆ.

1986ರಲ್ಲಿ ಆ ರಕ್ತವನ್ನು ಪರೀಕ್ಷಿಸಲು ಯಾರಿಗೂ ದಾರಿಯೇ ಇರಲಿಲ್ಲ. ಹೆಪಟೈಟಿಸ್ ಸಿ ವೈರಸ್ಸನ್ನು ಗುರುತಿಸಿದ್ದೇ 1989ರಲ್ಲಿ, ಆ ಕೆಲಸಕ್ಕಾಗಿ ಹಾರ್ವಿ ಆಲ್ಟರ್, ಮೈಕೆಲ್ ಹೌಟನ್ ಮತ್ತು ಚಾರ್ಲ್ಸ್ ರೈಸ್ ಅವರಿಗೆ 2020ರಲ್ಲಿ ನೊಬೆಲ್ ಬಂದಿತು. ಆದ್ದರಿಂದ ಇದು ನಿಮ್ಮ ಕುಟುಂಬದ ತಪ್ಪೂ ಅಲ್ಲ, ಅಂದು ರಕ್ತ ಕೊಟ್ಟು ಪ್ರಾಣ ಉಳಿಸಿದವರ ತಪ್ಪೂ ಅಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ನಮ್ಮ ರಕ್ತದ ಬಿಳಿಕಣಗಳಲ್ಲಿ ಬಿ ಕೋಶಗಳು ಎಂಬ ಒಂದು ಗುಂಪಿದೆ, ಪ್ರತಿಕಾಯಗಳನ್ನು ತಯಾರಿಸುವುದು ಅವುಗಳ ಕೆಲಸ. ಎದುರಾಳಿ ಬಂದಾಗ ಅವು ವೇಗವಾಗಿ ಇಮ್ಮಡಿಯಾಗುತ್ತವೆ, ಮಾತ್ರವಲ್ಲ, ಇನ್ನೂ ಚೆನ್ನಾಗಿ ಹೊಂದುವ ಪ್ರತಿಕಾಯಕ್ಕಾಗಿ ತಮ್ಮದೇ ವಂಶವಾಹಿಗಳಲ್ಲಿ ಉದ್ದೇಶಪೂರ್ವಕವಾಗಿ ಬದಲಾವಣೆ ಮಾಡಿಕೊಳ್ಳುತ್ತವೆ. ಶರೀರದ ಬೇರೆ ಯಾವ ಕೋಶವೂ ಈ ಅಪಾಯದ ಕೆಲಸವನ್ನು ಹೀಗೆ ದಿನನಿತ್ಯ ಮಾಡುವುದಿಲ್ಲ. ನೆಗಡಿ ಬಂದು ವಾರದಲ್ಲಿ ಹೋದರೆ ಈ ಕೆಲಸವೂ ನಿಲ್ಲುತ್ತದೆ. ಆದರೆ ಎದುರಾಳಿ ಹತ್ತಾರು ವರ್ಷ ಕದಲದೆ ಕುಳಿತರೆ, ಅಥವಾ ಶರೀರ ತನ್ನ ಅಂಗಾಂಶವನ್ನೇ ಎದುರಾಳಿ ಎಂದು ಭಾವಿಸಿದರೆ, ಬಿ ಕೋಶಗಳಿಗೆ ವಿರಾಮವೇ ಸಿಗುವುದಿಲ್ಲ. ಎಲ್ಲೋ ಒಂದು ಬದಲಾವಣೆ ತಪ್ಪಾದ ಜಾಗದಲ್ಲಿ ಬಿದ್ದು, ಒಂದೇ ಕೋಶದ ಸಂತತಿ ಹತೋಟಿ ಮೀರಿ ಬೆಳೆಯತೊಡಗಿದರೆ ಅದೇ ಲಿಂಫೋಮಾ.

ಶೋಗ್ರೆನ್ ಕಾಯಿಲೆಯಲ್ಲಿ ಇದು ಜೊಲ್ಲುಗ್ರಂಥಿಯಲ್ಲಿ ನಡೆಯುತ್ತದೆ. ಸಾಮಾನ್ಯವಾಗಿ ಆ ಗ್ರಂಥಿಯೊಳಗೆ ದುಗ್ಧಗ್ರಂಥಿಯಂಥ ರಚನೆ ಇರುವುದಿಲ್ಲ, ಈ ಕಾಯಿಲೆಯಲ್ಲಿ ಬಿ ಕೋಶಗಳು ಅಲ್ಲಿಯೇ ಬೀಡುಬಿಟ್ಟು ಅಂಥ ರಚನೆಯನ್ನು ಕಟ್ಟಿಕೊಳ್ಳುತ್ತವೆ. ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ 1933ರಲ್ಲಿ ಈ ಕಾಯಿಲೆಯ ಬಗ್ಗೆ ಪ್ರಬಂಧ ಮಂಡಿಸಿದರು. ಈ ಕಾಯಿಲೆ ಇರುವವರಲ್ಲಿ ಲಿಂಫೋಮಾ ಬರುವ ಸಂಭವ ಸಾಮಾನ್ಯರಿಗಿಂತ ಸುಮಾರು 10ರಿಂದ 20 ಪಟ್ಟು ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. ಈ ಸಂಖ್ಯೆ ಕೇಳಿ ಭಯಪಡುವವರು ಇನ್ನೊಂದು ಸಂಖ್ಯೆಯನ್ನೂ ಕೇಳಬೇಕು: ಜೀವಮಾನದಲ್ಲಿ ಲಿಂಫೋಮಾ ಬರುವುದು ಶೋಗ್ರೆನ್ ಇರುವ ನೂರರಲ್ಲಿ 5ರಿಂದ 10 ಜನರಿಗೆ ಮಾತ್ರ. ಯಾರನ್ನು ಹತ್ತಿರದಿಂದ ಗಮನಿಸಬೇಕು ಎಂಬುದಕ್ಕೆ ಸೂಚನೆಗಳಿವೆ. ಬಂದು ಹೋಗುವ ಊತವಲ್ಲದೆ ನಿಂತೇಬಿಟ್ಟ ಪರೋಟಿಡ್ ಊತ, ಕಾಲಿನ ಮೇಲೆ ಕೈಗೆ ತಾಗುವಂಥ ನೇರಳೆ ಚುಕ್ಕೆ, ರಕ್ತದಲ್ಲಿ ಸಿ4 ಎಂಬ ಪ್ರೋಟೀನಿನ ಕೊರತೆ, ತಂಪಾದರೆ ಗಡ್ಡೆಕಟ್ಟುವ ಕ್ರಯೋಗ್ಲೋಬ್ಯುಲಿನ್ ಎಂಬ ಪ್ರೋಟೀನ್ ರಕ್ತದಲ್ಲಿ ಇರುವುದು ಇವುಗಳಲ್ಲಿ ಮುಖ್ಯವಾದವು. ನಿಮ್ಮ ಅತ್ತೆಯವರಲ್ಲಿ ಮೊದಲ ಎರಡು ಕಣ್ಣಿಗೇ ಕಾಣುತ್ತಿದ್ದವು.

ಆದರೆ ಹೆಪಟೈಟಿಸ್ ಸಿ ಇಲ್ಲಿ ಚಿತ್ರವನ್ನೇ ಬದಲಿಸುತ್ತದೆ. ಈ ವೈರಸ್ ಯಕೃತ್ತಿಗೆ ಮಾತ್ರ ಸೀಮಿತವಲ್ಲ. ಅದರ ಹೊರಕವಚದ ಪ್ರೋಟೀನು ಬಿ ಕೋಶದ ಮೇಲಿರುವ ಸಿಡಿ81 ಎಂಬ ಗ್ರಾಹಕಕ್ಕೆ ಅಂಟಿಕೊಂಡು ಅದನ್ನು ಕೆರಳಿಸಬಲ್ಲದು. ಜೊಲ್ಲುಗ್ರಂಥಿಯ ಉರಿಯೂತ, ಕಣ್ಣು ಬಾಯಿ ಒಣಗುವುದು, ಕೀಲುನೋವು, ಕಾಲಿನ ಚುಕ್ಕೆ ಇವೆಲ್ಲವನ್ನೂ ಹೆಪಟೈಟಿಸ್ ಸಿ ಒಂದೇ ತಂದೊಡ್ಡಬಲ್ಲದು. ಆದುದರಿಂದಲೇ 2016ರಲ್ಲಿ ಅಮೆರಿಕ ಮತ್ತು ಯುರೋಪಿನ ಸಂಧಿವಾತ ತಜ್ಞರು ಸೇರಿ ಒಪ್ಪಿಕೊಂಡ ಮಾನದಂಡದಲ್ಲಿ, ಸಕ್ರಿಯ ಹೆಪಟೈಟಿಸ್ ಸಿ ಇರುವವರನ್ನು ಪ್ರಾಥಮಿಕ ಶೋಗ್ರೆನ್, ಅಂದರೆ ಬೇರೆ ಕಾಯಿಲೆಯ ಜೊತೆಗಲ್ಲದೆ ತಾನಾಗಿಯೇ ಬಂದ ಶೋಗ್ರೆನ್ ಎಂದು ವರ್ಗೀಕರಿಸಬಾರದು ಎಂದಿದೆ. ಹಾಗಾಗಿ ಎರಡು ಕಾಗದಗಳನ್ನು ಹುಡುಕಿ: ಹಿಂದೆ, ಶೋಗ್ರೆನ್ ಇರುವವರಲ್ಲಿ ಹೆಚ್ಚಾಗಿ ಕಾಣುವ ಎಸ್‌ಎಸ್‌ಎ ಎಂಬ ಪ್ರತಿಕಾಯದ ಪರೀಕ್ಷೆ ಆಗಿತ್ತೇ, ಆಗಿದ್ದರೆ ಫಲಿತಾಂಶವೇನು? ಮತ್ತು ಹೆಪಟೈಟಿಸ್ ಸಿ ಆರ್‌ಎನ್‌ಎ, ಅಂದರೆ ವೈರಲ್ ಲೋಡ್ ಪರೀಕ್ಷೆ ಆಗಿದೆಯೇ? ಪ್ರತಿಕಾಯ ಪಾಸಿಟಿವ್ ಎಂದರೆ ವೈರಸ್ ಎಂದೋ ಒಳಹೊಕ್ಕಿತ್ತು ಎಂದಷ್ಟೇ ಅರ್ಥ. ಅದು ಈಗಲೂ ಇದೆಯೇ ಎಂಬುದನ್ನು ಹೇಳುವುದು ಆರ್‌ಎನ್‌ಎ ಪರೀಕ್ಷೆ ಮಾತ್ರ.

ವೈರಸ್ ಇದ್ದರೆ ಮತ್ತು ಲಿಂಫೋಮಾ ನಿಧಾನಗತಿಯದ್ದಾಗಿದ್ದು ತುರ್ತು ಚಿಕಿತ್ಸೆ ಬೇಡದಿದ್ದರೆ, ವೈರಸ್ಸಿಗೇ ಮೊದಲು ಚಿಕಿತ್ಸೆ ಕೊಡುವುದು ಈಗ ಒಪ್ಪಿತವಾದ ಕ್ರಮ. 2002ರಲ್ಲಿ ಫ್ರಾನ್ಸಿನ ವೈದ್ಯರು ಗುಲ್ಮದ (ಸ್ಪ್ಲೀನ್) ಒಂದು ಬಗೆಯ ಲಿಂಫೋಮಾ ಮತ್ತು ಹೆಪಟೈಟಿಸ್ ಸಿ ಎರಡೂ ಇದ್ದ 9 ಜನರಿಗೆ ಕೀಮೋ ಕೊಡದೆ ವೈರಸ್ಸಿನ ವಿರುದ್ಧದ ಇಂಟರ್‌ಫೆರಾನ್ ಔಷಧ ಕೊಟ್ಟರು. ರಕ್ತದಿಂದ ವೈರಸ್ ಮರೆಯಾದ 7 ಜನರಲ್ಲಿ ಲಿಂಫೋಮಾವೂ ಸಂಪೂರ್ಣವಾಗಿ ಹಿಂಜರಿಯಿತು. ಅದೇ ಲಿಂಫೋಮಾ ಇದ್ದು ಹೆಪಟೈಟಿಸ್ ಸಿ ಇಲ್ಲದ 6 ಜನರಿಗೆ ಅದೇ ಔಷಧದಿಂದ ಏನೂ ಪ್ರಯೋಜನವಾಗಲಿಲ್ಲ. ಔಷಧ ಕೆಲಸ ಮಾಡಿದ್ದು ವೈರಸ್ಸಿನ ಮೇಲೆ, ವೈರಸ್ ಹೋದ ಮೇಲೆ ಗಡ್ಡೆಗೆ ಆಧಾರ ತಪ್ಪಿತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕಿಲ್ಲ. ಅಂದಿನ ಇಂಟರ್‌ಫೆರಾನ್ ಇಂಜೆಕ್ಷನ್ ಬಹಳ ಕಷ್ಟ ಕೊಡುತ್ತಿತ್ತು. ಇಂದು ಸೋಫೋಸ್ಬುವಿರ್ ಜೊತೆಗೆ ಡಕ್ಲಟಾಸ್ವಿರ್ ಅಥವಾ ವೆಲ್ಪಟಾಸ್ವಿರ್ ಮಾತ್ರೆಯನ್ನು ಸಾಮಾನ್ಯವಾಗಿ 12 ವಾರ ತೆಗೆದುಕೊಂಡರೆ ನೂರರಲ್ಲಿ 90ಕ್ಕಿಂತ ಹೆಚ್ಚು ಜನರಿಗೆ ವೈರಸ್ ಶಾಶ್ವತವಾಗಿ ಹೋಗುತ್ತದೆ. 2018ರ ಜುಲೈಯಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಕೇಂದ್ರಗಳಲ್ಲಿ ಈ ಪರೀಕ್ಷೆಯೂ ಮಾತ್ರೆಯೂ ಉಚಿತ.

ವೈರಸ್ ಹೋದವರೆಲ್ಲರಲ್ಲೂ ಲಿಂಫೋಮಾ ಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಹೋಗದಿದ್ದರೆ ಬಿ ಕೋಶಗಳನ್ನು ಅಳಿಸುವ ರಿಟುಕ್ಸಿಮ್ಯಾಬ್ ಎಂಬ ಔಷಧ ಇದೆ, ಒಂದೇ ಜಾಗದಲ್ಲಿದ್ದರೆ ಕಡಿಮೆ ಪ್ರಮಾಣದ ವಿಕಿರಣ ಇದೆ, ಕೆಲವರಲ್ಲಿ ಸುಮ್ಮನೆ ಕಾಯ್ದು ನೋಡುವುದೇ ಸರಿಯಾದ ದಾರಿ. ನಿಮ್ಮ ವೈದ್ಯರನ್ನು ಕೇಳಬೇಕಾದ ಪ್ರಶ್ನೆ ಇದು: ವೈರಸ್ಸಿನ ಚಿಕಿತ್ಸೆ ಮುಗಿಯುವವರೆಗೆ ಕಾಯುವಷ್ಟು ಈ ಲಿಂಫೋಮಾ ನಿಧಾನವೇ?

ಠಾಣೆಯ ಓದುಗಿ

ಡಾಕ್ಟರೇ, ನಿಮ್ಮ ವಿವರಣೆಗೆ ಧನ್ಯವಾದ. ನನಗೆ ರುಮಟಾಯ್ಡ್ ಸಂಧಿವಾತ ಇದೆ, ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತೇನೆ. ಈ ಮಾತ್ರೆಯಿಂದಲೇ ಲಿಂಫೋಮಾ ಬರುತ್ತದೆ ಎಂಬ ಸಂದೇಶ ನಮ್ಮ ಮಹಿಳಾ ಮಂಡಳಿಯ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿದೆ. ಅದನ್ನು ಓದಿ ನಮ್ಮ ಸೊಸೈಟಿಯ ಒಬ್ಬರು ಮಾತ್ರೆಯನ್ನೇ ನಿಲ್ಲಿಸಿ ಕಷಾಯ ಶುರುಮಾಡಿದ್ದಾರೆ. ಈಗ ಅವರಿಗೆ ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ ಹಿಡಿಯಲೂ ಕಷ್ಟವಾಗಿದೆ. ನನಗೂ ಅಳುಕು ಹುಟ್ಟಿದೆ. ನಿಲ್ಲಿಸಬೇಕೇ?

ಪುಣೆಯ ರಕ್ತರೋಗ ವೈದ್ಯ

ನಿಲ್ಲಿಸಬೇಡಿ. ನಾನು ಈ ಚರ್ಚೆಯಲ್ಲಿ ಒಂದೇ ಒಂದು ಮಾತನ್ನು ಒತ್ತಿ ಹೇಳಬೇಕಾದರೆ ಅದು ಇದೇ. ಸಂಧಿವಾತ ಇರುವವರಲ್ಲಿ ಲಿಂಫೋಮಾ ಸಂಭವ ಸರಿಸುಮಾರು ಎರಡು ಪಟ್ಟು ಹೆಚ್ಚು ಎಂಬುದು ನಿಜ. ಅದು ಕಾಯಿಲೆಯಿಂದಲೋ ಔಷಧದಿಂದಲೋ ಎಂಬ ಪ್ರಶ್ನೆಗೆ ಸ್ವೀಡನ್ನಿನ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರ ಕೊಟ್ಟಿತು. ಸಂಧಿವಾತವಿದ್ದು ಲಿಂಫೋಮಾ ಬಂದ 378 ಜನರನ್ನು, ಸಂಧಿವಾತವಿದ್ದೂ ಲಿಂಫೋಮಾ ಬಾರದ ಅಷ್ಟೇ ಜನರ ಜೊತೆ ಅವರು ಹೋಲಿಸಿದರು. ವರ್ಷಾನುಗಟ್ಟಲೆ ಉರಿಯೂತವನ್ನು ಅತಿ ಹೆಚ್ಚು ಅನುಭವಿಸಿದವರಲ್ಲಿ ಅಪಾಯ ಅನೇಕ ಪಟ್ಟು ಏರಿತ್ತು, ಉರಿಯೂತ ಕಡಿಮೆ ಇದ್ದವರಲ್ಲಿ ಹಾಗಿರಲಿಲ್ಲ. ಮೆಥೊಟ್ರೆಕ್ಸೇಟ್‌ನಂಥ ಔಷಧ ತೆಗೆದುಕೊಂಡಿದ್ದು ಅಪಾಯವನ್ನು ಹೆಚ್ಚಿಸಿದಂತೆ ಕಾಣಲಿಲ್ಲ. ನಿಮ್ಮ ನೆರೆಯವರು ಮಾತ್ರೆ ಬಿಟ್ಟು, ತಾವು ಯಾವುದಕ್ಕೆ ಹೆದರಿದರೋ ಅದರ ದಾರಿಯನ್ನೇ ತೆರೆಯುತ್ತಿದ್ದಾರೆ. ದಯವಿಟ್ಟು ಅವರಿಗೆ ಇದನ್ನು ಓದಿ ಹೇಳಿ.

ವಾಟ್ಸಾಪ್ ಸಂದೇಶದ ಹಿಂದೆ ಒಂದು ಸಣ್ಣ ಸತ್ಯಾಂಶ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವ ಕೆಲವೇ ಕೆಲವರಲ್ಲಿ ಲಿಂಫೋಮಾದಂಥ ಬೆಳವಣಿಗೆ ಕಾಣಿಸಿಕೊಂಡು, ಔಷಧ ನಿಲ್ಲಿಸಿದ ಮೇಲೆ ಅದು ತಾನಾಗಿ ಕರಗಿದ್ದುಂಟು. ಅವುಗಳಲ್ಲಿ ಬಹಳಷ್ಟರಲ್ಲಿ ಎಪ್‌ಸ್ಟೈನ್-ಬಾರ್ ವೈರಸ್ ಸಿಕ್ಕಿದೆ. 1964ರಲ್ಲಿ ಬರ್ಕಿಟ್ ಎಂಬ ಬಗೆಯ ಲಿಂಫೋಮಾದ ಕೋಶಗಳಲ್ಲಿ ಪತ್ತೆಯಾದ ಈ ವೈರಸ್ ನಮ್ಮಲ್ಲಿ ಬಹುತೇಕ ಎಲ್ಲರ ಬಿ ಕೋಶಗಳಲ್ಲೂ ಬಾಲ್ಯದಿಂದ ಸದ್ದಿಲ್ಲದೆ ಇರುತ್ತದೆ, ರೋಗನಿರೋಧಕ ಶಕ್ತಿ ಅದನ್ನು ಕಾಯುತ್ತಿರುತ್ತದೆ. ಆ ಕಾವಲು ಸಡಿಲವಾದಾಗ, ಉದಾಹರಣೆಗೆ ಕಿಡ್ನಿ ಕಸಿ ಮಾಡಿಸಿಕೊಂಡವರಲ್ಲಿ, ಅದು ಬಿ ಕೋಶವನ್ನು ಕೆರಳಿಸಬಲ್ಲದು. ಹಾಗಾಗಿ ಹೊಸ ಗಡ್ಡೆ, ಕಾರಣವಿಲ್ಲದ ಜ್ವರ, ತೂಕ ಇಳಿಯುವುದು ಕಂಡರೆ ನಿಮ್ಮ ವೈದ್ಯರಿಗೆ ತಕ್ಷಣ ಹೇಳಬೇಕು. ಇನ್ನೊಂದು ಮಾತು: ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದು ದಿನದ ಔಷಧ. ಅದನ್ನು ಪ್ರತಿದಿನ ನುಂಗಿ ಪ್ರಾಣಕ್ಕೆ ಅಪಾಯ ತಂದುಕೊಂಡವರಿದ್ದಾರೆ, ಆ ಒಂದು ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ.

ವಾಸ್ಕೋದಿಂದ ಗದಗದವ

ನಾನು ಹೆಚ್ಚು ಓದಿದವನಲ್ಲ, ತಪ್ಪಿದ್ದರೆ ತಿದ್ದಬೇಕು. ನನ್ನ ತಮ್ಮ ಇಲ್ಲಿ ಬಂದರಿನ ಹತ್ತಿರ ಕೆಲಸ ಮಾಡುತ್ತಾನೆ. ಅವನ ಕುತ್ತಿಗೆಯಲ್ಲಿ ಗಂಟುಗಳೆದ್ದು, ಸಂಜೆ ಜ್ವರ ಬಂದು, ರಾತ್ರಿ ಬೆವರಿಗೆ ಅಂಗಿ ಒದ್ದೆಯಾಗಿ, ತೂಕ ಇಳಿಯುತ್ತಾ ಹೋಯಿತು. ಒಂದು ಖಾಸಗಿ ದವಾಖಾನೆಯಲ್ಲಿ ಸೂಜಿ ಚುಚ್ಚಿ ನೋಡಿ, ಟಿಬಿ ಇರಬಹುದು ಎಂದು ಮಾತ್ರೆ ಶುರುಮಾಡಿದರು. ತಿಂಗಳುಗಳು ಕಳೆದರೂ ಗಂಟು ಇಳಿಯಲಿಲ್ಲ, ಕಂಕುಳಲ್ಲೂ ಕಾಣಿಸಿಕೊಂಡಿತು. ನಾವು ಕೇಳಿದಾಗಲೆಲ್ಲ ಕೋರ್ಸ್ ಪೂರ್ತಿ ಮುಗಿಸಿ ಎಂದೇ ಹೇಳುತ್ತಿದ್ದರು. ಕೊನೆಗೆ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿಗೆ ಕರೆದುಕೊಂಡು ಹೋದೆವು. ಅಲ್ಲಿ ಗಂಟನ್ನು ಪೂರ್ತಿ ತೆಗೆದು ಪರೀಕ್ಷೆ ಮಾಡಿದಾಗ ಲಿಂಫೋಮಾ ಎಂದು ತಿಳಿಯಿತು. ಆಗ ಮಾಡಿದ ರಕ್ತಪರೀಕ್ಷೆಯಲ್ಲಿ ಎಚ್‌ಐವಿಯೂ ಬಂತು.

ಆ ದಿನ ನಾವಿಬ್ಬರೂ ಆಸ್ಪತ್ರೆಯ ಹೊರಗೆ ಬಸ್ ನಿಲ್ದಾಣದಲ್ಲಿ ಬಹಳ ಹೊತ್ತು ಮಾತಿಲ್ಲದೆ ಕುಳಿತಿದ್ದೆವು. ಊರಿನಲ್ಲಿ ಅವ್ವನಿಗೆ ಏನು ಹೇಳುವುದು ಎಂಬುದೇ ಅವನ ಚಿಂತೆಯಾಗಿತ್ತು. ಕೀಮೋ ಮತ್ತು ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ಎರಡೂ ಜೊತೆಯಲ್ಲಿ ನಡೆದವು. ಈಗ ಅವನು ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾನೆ. ಎಚ್‌ಐವಿ ಇದ್ದವರಿಗೆ ಲಿಂಫೋಮಾ ಏಕೆ ಬರುತ್ತದೆ ಮತ್ತು ಅದು ಮತ್ತೆ ಬರದಂತೆ ಏನು ಮಾಡಬೇಕು ಎಂಬುದನ್ನು ಯಾರಾದರೂ ಹೇಳಿದರೆ ಉಪಕಾರವಾಗುತ್ತದೆ. ಮುಂದಿನ ತಪಾಸಣೆಗೆ ಮುಂಬೈಯ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಹೋಗಲು ಹೇಳಿದ್ದಾರೆ, ಏನೇನು ಕಾಗದ ಒಯ್ಯಬೇಕು ಎಂಬುದೂ ತಿಳಿಯಬೇಕಾಗಿದೆ.

ಘಾಟ್‌ಕೋಪರಿನ ಲ್ಯಾಬ್ ತಂತ್ರಜ್ಞೆ

ಅಣ್ಣ, ನಿಮ್ಮ ತಮ್ಮ ಚೇತರಿಸಿಕೊಂಡಿದ್ದು ಕೇಳಿ ಮನಸ್ಸಿಗೆ ಹಿತವಾಯಿತು. ನಾನು ಪೆಥಾಲಜಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ, ಆದ್ದರಿಂದ ಗಂಟಿನ ಪರೀಕ್ಷೆಯ ಬಗ್ಗೆ ಬರೆಯುತ್ತೇನೆ. ಸೂಜಿಯಿಂದ ಎಳೆದಾಗ ಸಿಗುವುದು ಚದುರಿದ ಕೋಶಗಳು. ಲಿಂಫೋಮಾವನ್ನು, ಅದರಲ್ಲೂ ಅದರ ಬಗೆಯನ್ನು, ಹೇಳಬೇಕಾದರೆ ಕೋಶಗಳು ಹೇಗೆ ಜೋಡಣೆಗೊಂಡಿವೆ ಎಂಬುದು ಕಾಣಬೇಕು. ಅದಕ್ಕೆ ಇಡೀ ಗಂಟು, ಇಲ್ಲವೇ ದಪ್ಪ ಸೂಜಿಯಿಂದ ತೆಗೆದ ತುಣುಕು ಬೇಕು. ನಮ್ಮ ದೇಶದಲ್ಲಿ ಟಿಬಿ ಹೆಚ್ಚು ಇರುವುದರಿಂದ ಕುತ್ತಿಗೆಯ ಗಂಟು ಎಂದರೆ ಟಿಬಿ ಎಂಬ ಊಹೆ ಮೊದಲು ಬರುವುದು ಸಹಜ, ಜ್ವರ, ಬೆವರು, ತೂಕ ಇಳಿಯುವುದು ಎರಡರಲ್ಲೂ ಒಂದೇ ರೀತಿ ಇರುತ್ತವೆ. ಆದರೆ ಊಹೆಯ ಮೇಲೆ ತಿಂಗಳುಗಟ್ಟಲೆ ಮಾತ್ರೆ ಕೊಡುವುದು ತಪ್ಪು.

ಗಂಟು ತೆಗೆಯುವ ದಿನ ನೀವು ಕೇಳಬೇಕಾದ ಒಂದು ವಿಷಯವಿದೆ. ಸಾಮಾನ್ಯವಾಗಿ ಇಡೀ ತುಣುಕನ್ನು ಫಾರ್ಮಲಿನ್ ಇರುವ ಬಾಟಲಿಗೆ ಹಾಕುತ್ತಾರೆ. ಫಾರ್ಮಲಿನ್‌ಗೆ ಬಿದ್ದ ಮೇಲೆ ಅದರಲ್ಲಿ ಟಿಬಿ ರೋಗಾಣುವನ್ನು ಬೆಳೆಸಿ ನೋಡಲು ಸಾಧ್ಯವಿಲ್ಲ. ಆದ್ದರಿಂದ ಸ್ವಲ್ಪ ಭಾಗವನ್ನು ಬರೀ ಸಲೈನ್ ಇರುವ ಇನ್ನೊಂದು ಬಾಟಲಿಯಲ್ಲಿ ಹಾಕಿ, ಸಿಬಿನ್ಯಾಟ್ (ಟಿಬಿ ರೋಗಾಣುವಿನ ವಂಶವಾಹಿಯನ್ನು ಹುಡುಕುವ ಪರೀಕ್ಷೆ) ಮತ್ತು ಕಲ್ಚರ್‌ಗೆ (ರೋಗಾಣುವನ್ನು ಬೆಳೆಸಿ ನೋಡುವುದು) ಅದೇ ದಿನ ಕಳಿಸಬೇಕು. ಹೀಗೆ ಮಾಡಿದರೆ ಟಿಬಿಯೋ ಲಿಂಫೋಮಾವೋ ಎಂಬ ಪ್ರಶ್ನೆಗೆ ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಉತ್ತರ ಸಿಗುತ್ತದೆ. ಬಯಾಪ್ಸಿಗೆ ಮುನ್ನ ಸ್ಟೀರಾಯ್ಡ್ ಕೊಡದಿರುವುದೂ ಅಷ್ಟೇ ಮುಖ್ಯ. ಸ್ಟೀರಾಯ್ಡ್ ಲಿಂಫೋಮಾದ ಕೋಶಗಳನ್ನು ಕೆಲವು ಕಾಲ ಕುಗ್ಗಿಸಿಬಿಡುತ್ತದೆ, ಆಮೇಲೆ ಬಂದ ತುಣುಕಿನಲ್ಲಿ ಸ್ಪಷ್ಟವಾಗಿ ಏನೂ ಕಾಣದೆ ನಮ್ಮ ವೈದ್ಯರು ಮತ್ತೊಮ್ಮೆ ಬಯಾಪ್ಸಿ ಕೇಳಬೇಕಾಗುತ್ತದೆ. ಡೊಂಬಿವಲಿಯ ಅಕ್ಕನ ಅತ್ತೆಯವರ ಊತ ಇಳಿದು ಮತ್ತೆ ಬಂದಿದ್ದು ಹೀಗೆಯೇ ಇರಬೇಕು.

ಅಕ್ಕನಿಗೂ ಒಂದು ಮಾತು. ಕ್ರಯೋಗ್ಲೋಬ್ಯುಲಿನ್ ಪರೀಕ್ಷೆ ಬರೆದುಕೊಟ್ಟರೆ, ಅದನ್ನು ಮನೆಗೆ ಬಂದು ರಕ್ತ ಒಯ್ಯುವವರ ಕೈಯಲ್ಲಿ ಕೊಡಬೇಡಿ. ತಂಪಾದರೆ ಗಡ್ಡೆಕಟ್ಟಿ ಕೆಳಗೆ ಕೂರುವ ಪ್ರೋಟೀನ್ ಅದು. ರಕ್ತವನ್ನು ಬಿಸಿಮಾಡಿಟ್ಟ ಸಿರಿಂಜಿನಲ್ಲಿ ತೆಗೆದು, ಸೀರಂ ಬೇರ್ಪಡಿಸುವವರೆಗೆ 37 ಡಿಗ್ರಿಯಲ್ಲೇ ಕಾಪಾಡಿ, ಆಮೇಲೆ ಫ್ರಿಜ್‌ನಲ್ಲಿಟ್ಟು ದಿನಗಳವರೆಗೆ ಗಮನಿಸಬೇಕು. ಐಸ್ ಪೆಟ್ಟಿಗೆಯಲ್ಲಿ ಲೋಕಲ್ ಟ್ರೇನಿನಲ್ಲಿ ಬಂದ ಸ್ಯಾಂಪಲ್ಲಿನಲ್ಲಿ ಆ ಪ್ರೋಟೀನ್ ರಕ್ತದ ಗರಣೆಯ ಜೊತೆಗೇ ಹೋಗಿ, ರಿಪೋರ್ಟ್ ಸುಳ್ಳಾಗಿ ನೆಗೆಟಿವ್ ಬರುತ್ತದೆ. ಪರೀಕ್ಷೆ ನಡೆಯುವ ಲ್ಯಾಬಿಗೇ ಅತ್ತೆಯವರನ್ನು ಕರೆದುಕೊಂಡು ಹೋಗಿ.

ಪುಣೆಯ ರಕ್ತರೋಗ ವೈದ್ಯ

ತಂತ್ರಜ್ಞೆಯವರು ಬರೆದ ಒಂದೊಂದು ಮಾತೂ ಸರಿ.

ಗದಗದ ಸಹೋದರರಿಗೆ: ಎಚ್‌ಐವಿ ಬಿ ಕೋಶದೊಳಗೆ ಹೋಗಿ ಅದನ್ನು ನೇರವಾಗಿ ಕೆಡಿಸುವುದಿಲ್ಲ. ಅದು ಕಾವಲು ಕಾಯುವ ಟಿ ಕೋಶಗಳನ್ನು ಕೊಲ್ಲುತ್ತದೆ, ಹಾಗೂ ಶರೀರವನ್ನು ಸದಾ ಕೆರಳಿದ ಸ್ಥಿತಿಯಲ್ಲಿಡುತ್ತದೆ. ಆಗ ಎಪ್‌ಸ್ಟೈನ್-ಬಾರ್‌ನಂಥ ವೈರಸ್‌ಗಳಿಗೂ, ದಾರಿ ತಪ್ಪಿದ ಬಿ ಕೋಶಗಳಿಗೂ ಕೇಳುವವರಿಲ್ಲದಂತಾಗುತ್ತದೆ. ನಿಮ್ಮ ತಮ್ಮನಿಗೆ ಇದರಲ್ಲಿ ಭರವಸೆಯ ಅಂಶವಿದೆ: ಎಆರ್‌ಟಿ ಮಾತ್ರೆಯನ್ನು ಒಂದು ದಿನವೂ ತಪ್ಪಿಸದೆ ನುಂಗಿದರೆ ಆ ಕಾವಲು ಮರಳಿ ಕಟ್ಟಿಕೊಳ್ಳುತ್ತದೆ, ಎಚ್‌ಐವಿ ಇರುವವರ ಲಿಂಫೋಮಾ ಚಿಕಿತ್ಸೆಯ ಫಲಿತಾಂಶ ಸುಧಾರಿಸಿದ್ದೇ ಈ ಮಾತ್ರೆಗಳಿಂದ. 2004ರಿಂದ ಸರ್ಕಾರದ ಎಆರ್‌ಟಿ ಕೇಂದ್ರಗಳಲ್ಲಿ ಇವು ಉಚಿತವಾಗಿ ಸಿಗುತ್ತಿವೆ. ಮುಂಬೈಗೆ ಹೋಗುವಾಗ ಮಾತ್ರೆಯ ಪಟ್ಟಿಯನ್ನು ಅಲ್ಲಿನ ವೈದ್ಯರಿಗೆ ಮರೆಯದೆ ತೋರಿಸಿ, ಕೀಮೋ ಔಷಧಗಳಿಗೂ ಕೆಲವು ಎಆರ್‌ಟಿ ಮಾತ್ರೆಗಳಿಗೂ ಹೊಂದಾಣಿಕೆ ಆಗುವುದಿಲ್ಲ.

ಮಾಹಿಮಿನ ಹಿರಿಯ

ಗದಗದ ತಮ್ಮನಿಗೆ ಟಾಟಾದ ಬಗ್ಗೆ ನಾನು ಹೇಳುತ್ತೇನೆ. ನನ್ನ ಮಡದಿಯ ಚಿಕಿತ್ಸೆ ಪರೆಲ್‌ನ ಆ ಆಸ್ಪತ್ರೆಯಲ್ಲಿಯೇ ನಡೆಯಿತು. ಹೊರಗೆ ಬಯಾಪ್ಸಿ ಆಗಿದ್ದರೆ ಬರೀ ರಿಪೋರ್ಟ್ ಕಾಗದ ಸಾಲದು, ಗಾಜಿನ ಸ್ಲೈಡ್‌ಗಳನ್ನೂ ಮೇಣದ ಬ್ಲಾಕ್‌ಗಳನ್ನೂ ತರಲು ಹೇಳುತ್ತಾರೆ, ತಮ್ಮಲ್ಲಿ ಮತ್ತೊಮ್ಮೆ ನೋಡಿಯೇ ಚಿಕಿತ್ಸೆ ನಿರ್ಧರಿಸುತ್ತಾರೆ. ಬ್ಲಾಕ್ ಎಂದರೆ ಬೆರಳ ತುದಿಯಷ್ಟು ಮೇಣದಲ್ಲಿ ತುಣುಕನ್ನು ಹುದುಗಿಸಿ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಸಿದ್ದು, ಅಂಚಿನಲ್ಲಿ ಸಂಖ್ಯೆ ಬರೆದಿರುತ್ತಾರೆ. ಆ ಸಂಖ್ಯೆ ರಿಪೋರ್ಟಿನ ಸಂಖ್ಯೆಗೆ ಹೊಂದುತ್ತದೆಯೇ ಎಂದು ಬಾಂಬೋಳಿಯಲ್ಲಿಯೇ ನೋಡಿಕೊಳ್ಳಿ. ಬೇಸಿಗೆಯಲ್ಲಿ ಕೊಂಕಣ ರೈಲಿನ ಕಿಟಕಿಯ ಬಿಸಿಲಿಗೆ ಇಡಬೇಡಿ, ಮೇಣ ಮೆತ್ತಗಾಗುತ್ತದೆ. ಉಳಿದುಕೊಳ್ಳಲು ದಾದರ್‌ನಲ್ಲಿ ಗಾಡ್ಗೆ ಮಹಾರಾಜರ ಧರ್ಮಶಾಲೆ ಇದೆ, ಟಾಟಾಕ್ಕೆ ಬರುವ ರೋಗಿಗಳೂ ಜೊತೆಗಿರುವವರೂ ಅಲ್ಲಿ ಇರುತ್ತಾರೆ. ಆಸ್ಪತ್ರೆಯ ಸಮಾಜಸೇವಾ ವಿಭಾಗವನ್ನು ಮೊದಲ ದಿನವೇ ಕಾಣುವುದು ಒಳ್ಳೆಯದು. ಮರಾಠಿ, ಹಿಂದಿ ತೊಡಕಾದರೆ ಇಲ್ಲಿಯೇ ಬರೆಯಿರಿ, ನಾನು ಜೊತೆಗೆ ಬರುತ್ತೇನೆ.

ಪಿಂಪ್ರಿಯ ಮಗ

ಈ ಚರ್ಚೆಯನ್ನು ಓದುತ್ತಾ ಬಂದವನಿಗೆ ಒಂದು ವಿಷಯ ಬರೆಯದೆ ಇರಲಾಗಲಿಲ್ಲ. ನಮ್ಮ ತಂದೆಯವರಿಗೆ ಲಿಂಫೋಮಾ ಬಂದು, ಒಂದು ಆಸ್ಪತ್ರೆಯಲ್ಲಿ ರಿಟುಕ್ಸಿಮ್ಯಾಬ್ ಮತ್ತು ಕೀಮೋ ಕೊಟ್ಟರು. ಗಡ್ಡೆ ಚೆನ್ನಾಗಿ ಕರಗಿತು. ಚಿಕಿತ್ಸೆ ಮುಗಿದು ಕೆಲವು ತಿಂಗಳ ಮೇಲೆ ಅವರಿಗೆ ಕಾಮಾಲೆ ಬಂದಿತು. ಕೇಳಿದರೆ, ಹಿಂದೆ ಎಂದೋ ಹೆಪಟೈಟಿಸ್ ಬಿ ಆಗಿತ್ತು, ಅದು ಮತ್ತೆ ಎದ್ದಿದೆ ಎಂದರು. ಚಿಕಿತ್ಸೆಗೆ ಮುನ್ನ ಹೆಪಟೈಟಿಸ್ ಬಿ ನೆಗೆಟಿವ್ ಎಂದೇ ರಿಪೋರ್ಟ್ ಇತ್ತು. ತಂದೆಯವರು ಉಳಿಯಲಿಲ್ಲ. ಕ್ಯಾನ್ಸರ್ ಗೆದ್ದವರು ಇದಕ್ಕೆ ಸೋತರು ಎಂಬ ನೋವು ನಮಗೆ ಇಂದಿಗೂ ಹೋಗಿಲ್ಲ. ನೆಗೆಟಿವ್ ಇದ್ದದ್ದು ಹೇಗೆ ಎದ್ದಿತು ಎಂದು ನಮಗೆ ಯಾರೂ ಬಿಡಿಸಿ ಹೇಳಲಿಲ್ಲ.

ಪುಣೆಯ ರಕ್ತರೋಗ ವೈದ್ಯ

ತಮ್ಮಾ, ನಿಮ್ಮ ಪ್ರಶ್ನೆಗೆ ಯಾರಾದರೂ ಅಂದೇ ಎದುರು ಕುಳಿತು ಉತ್ತರ ಕೊಡಬೇಕಿತ್ತು. ಹೆಪಟೈಟಿಸ್ ಬಿಗೆ ಸಾಮಾನ್ಯವಾಗಿ ಮಾಡುವುದು ಎಚ್‌ಬಿಎಸ್ ಆಂಟಿಜೆನ್, ಅಂದರೆ ವೈರಸ್ಸಿನ ಹೊರಮೈಯ ಪ್ರೋಟೀನನ್ನು ಹುಡುಕುವ ಪರೀಕ್ಷೆ. ಹಿಂದೆಂದೋ ಸೋಂಕು ಬಂದು ವಾಸಿಯಾದವರಲ್ಲಿ ಅದು ನೆಗೆಟಿವ್ ಇರುತ್ತದೆ. ಆದರೆ ವೈರಸ್ಸಿನ ಅಂಶ ಯಕೃತ್ತಿನ ಕೋಶಗಳಲ್ಲಿ ಉಳಿದೇ ಇರುತ್ತದೆ, ರೋಗನಿರೋಧಕ ಶಕ್ತಿ ಅದನ್ನು ಅದುಮಿ ಇಟ್ಟಿರುತ್ತದೆ. ಹಳೆಯ ಸೋಂಕಿನ ಗುರುತು ಸಿಗುವುದು ಕೋರ್ ಪ್ರತಿಕಾಯ ಎಂಬ ಇನ್ನೊಂದು ಪರೀಕ್ಷೆಯಲ್ಲಿ. ರಿಟುಕ್ಸಿಮ್ಯಾಬ್ ಬಿ ಕೋಶಗಳನ್ನು ಅಳಿಸುವುದರಿಂದ ಆ ಅದುಮುವ ಶಕ್ತಿ ಹೋಗಿ ವೈರಸ್ ಮತ್ತೆ ಏಳುತ್ತದೆ. 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ ರಿಟುಕ್ಸಿಮ್ಯಾಬ್‌ನ ಎಚ್ಚರಿಕೆಯನ್ನು ಇನ್ನಷ್ಟು ಬಲಪಡಿಸಿ, ಚಿಕಿತ್ಸೆಗೆ ಮುನ್ನ ಎರಡೂ ಪರೀಕ್ಷೆ ಆಗಬೇಕು ಎಂದಿತು. ಕೋರ್ ಪ್ರತಿಕಾಯ ಪಾಸಿಟಿವ್ ಬಂದರೆ ಬಿ ವೈರಸ್ಸನ್ನು ತಡೆಯುವ ಎಂಟೆಕವಿರ್ ಅಥವಾ ಟೆನೋಫೋವಿರ್ ಮಾತ್ರೆಯನ್ನು ರಿಟುಕ್ಸಿಮ್ಯಾಬ್‌ಗೆ ಮೊದಲೇ ಆರಂಭಿಸಿ, ಕೊನೆಯ ಡೋಸ್ ಆದ ಮೇಲೂ ಕನಿಷ್ಠ 12 ತಿಂಗಳು ಮುಂದುವರಿಸಬೇಕು. ಕೀಮೋ ಮುಗಿಯಿತು ಎಂದು ಆ ಮಾತ್ರೆಯನ್ನೂ ನಿಲ್ಲಿಸುವುದೇ ಹೆಚ್ಚಾಗಿ ಅನಾಹುತಕ್ಕೆ ದಾರಿ.

ಡೊಂಬಿವಲಿಯ ಸಹೋದರಿಗೂ ಇದು ಅನ್ವಯಿಸುತ್ತದೆ. ಹೆಪಟೈಟಿಸ್ ಸಿ ಮಾತ್ರೆಯಿಂದಲೂ ಅಡಗಿರುವ ಬಿ ವೈರಸ್ ಕೆಲವೊಮ್ಮೆ ಏಳುವುದುಂಟು. ಆದ್ದರಿಂದ ಯಾವ ಚಿಕಿತ್ಸೆ ಮೊದಲಾದರೂ ಈ ಎರಡು ಪರೀಕ್ಷೆಗಳು ಅದಕ್ಕಿಂತ ಮೊದಲೇ ಆಗಿರಲಿ. ನಿಮ್ಮ ಫೈಲಿನಲ್ಲಿ ಕೋರ್ ಪ್ರತಿಕಾಯದ ಕಾಗದ ಇಲ್ಲದಿದ್ದರೆ ಸಂಕೋಚವಿಲ್ಲದೆ ಕೇಳಿ.

ಡೊಂಬಿವಲಿಯ ಸೊಸೆ

ಡಾಕ್ಟರೇ, ಹಳೆಯ ಫೈಲನ್ನು ಹುಡುಕಿದೆ. ಎಸ್‌ಎಸ್‌ಎ ನೆಗೆಟಿವ್ ಎಂದಿದೆ, ರುಮಟಾಯ್ಡ್ ಫ್ಯಾಕ್ಟರ್ ಎಂಬ ಪ್ರತಿಕಾಯ ಬಹಳ ಹೆಚ್ಚು ಎಂದಿದೆ, ಸಿ4 ಕಡಿಮೆ ಇದೆ. ಆರ್‌ಎನ್‌ಎ ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದೇವೆ. ಹೆಪಟೈಟಿಸ್ ಬಿ ಕೋರ್ ಪ್ರತಿಕಾಯ ಪರೀಕ್ಷೆ ಆಗಿರಲಿಲ್ಲ, ಅದನ್ನೂ ಬರೆಸಿಕೊಂಡೆ. ಕಾಯಬಹುದೇ ಎಂದು ಕೇಳಿದ್ದಕ್ಕೆ ನಮ್ಮ ವೈದ್ಯರು, ಪೆಟ್ ಸ್ಕ್ಯಾನ್‌ನಲ್ಲಿ ಬೇರೆಲ್ಲೂ ಏನೂ ಇಲ್ಲ, ಕಾಯಬಹುದು ಎಂದಿದ್ದಾರೆ.

ಪುಣೆಯ ರಕ್ತರೋಗ ವೈದ್ಯ

ಎಸ್‌ಎಸ್‌ಎ ನೆಗೆಟಿವ್, ರುಮಟಾಯ್ಡ್ ಫ್ಯಾಕ್ಟರ್ ಹೆಚ್ಚು, ಸಿ4 ಕಡಿಮೆ, ಕಾಲಿನಲ್ಲಿ ಚುಕ್ಕೆ ಇವೆಲ್ಲ ಒಟ್ಟಿಗೆ ಹೆಪಟೈಟಿಸ್ ಸಿ ಮತ್ತು ಕ್ರಯೋಗ್ಲೋಬ್ಯುಲಿನ್ ಕಡೆಗೇ ಬೆರಳು ತೋರಿಸುತ್ತವೆ. ಆರ್‌ಎನ್‌ಎ ಪಾಸಿಟಿವ್ ಬಂದರೆ ನಿಮ್ಮ ಸಂಧಿವಾತ ತಜ್ಞರು, ಯಕೃತ್ತಿನ ತಜ್ಞರು, ಲಿಂಫೋಮಾ ನೋಡುವವರು ಮೂವರೂ ಪರಸ್ಪರ ಮಾತನಾಡುವಂತೆ ನೋಡಿಕೊಳ್ಳಿ. ಮಾತ್ರೆ ಮುಗಿದು 12 ವಾರಗಳ ಮೇಲೆ ಮತ್ತೆ ಆರ್‌ಎನ್‌ಎ ಮಾಡಿಸಿ, ಆಗಲೂ ವೈರಸ್ ಕಾಣದಿದ್ದರೆ ಅದು ವಾಸಿಯಾಗಿದೆ ಎಂದರ್ಥ. ಪ್ರತಿಕಾಯ ಪರೀಕ್ಷೆಯನ್ನು ಮಾತ್ರ ಮತ್ತೆ ಮಾಡಿಸಬೇಡಿ, ಅದು ಜೀವನಪೂರ್ತಿ ಪಾಸಿಟಿವ್ ಆಗಿಯೇ ಇರುವುದರಿಂದ ಮನೆಯಲ್ಲಿ ಸುಮ್ಮನೆ ಗಾಬರಿಯಾಗುತ್ತದೆ. ವೈರಸ್ ಹೋದರೂ ಲಿಂಫೋಮಾದ ತಪಾಸಣೆಯನ್ನು ಬಿಡಬಾರದು.

ಮುಲುಂಡಿನ ಗೃಹಿಣಿ

ನನಗೆ ಹಾಶಿಮೊಟೊ ಥೈರಾಯ್ಡ್ ಇದೆ. ಇದೂ ಶೋಗ್ರೆನ್‌ನಂತೆ ಶರೀರ ತನ್ನ ಅಂಗಾಂಶವನ್ನೇ ಎದುರಾಳಿ ಎಂದು ಭಾವಿಸುವ ಗುಂಪಿನ ಕಾಯಿಲೆ ಎಂದು ಕೇಳಿದ್ದೇನೆ. ನಾನೂ ಹೆದರಬೇಕೇ?

ಪುಣೆಯ ರಕ್ತರೋಗ ವೈದ್ಯ

ಹೆದರಬೇಕಾಗಿಲ್ಲ. ಥೈರಾಯ್ಡ್ ಗ್ರಂಥಿಯಲ್ಲೇ ಹುಟ್ಟುವ ಲಿಂಫೋಮಾ ಹೆಚ್ಚಾಗಿ ಹಾಶಿಮೊಟೊ ಇರುವವರಲ್ಲೇ ಕಾಣುತ್ತದೆ ಎಂಬುದು ನಿಜ, ಆದರೆ ಆ ಲಿಂಫೋಮಾವೇ ಅತಿ ವಿರಳ. ಹಾಶಿಮೊಟೊ ಇರುವ ಬಹುಪಾಲು ಜನ ಥೈರಾಕ್ಸಿನ್ ಮಾತ್ರೆ ನುಂಗುತ್ತಾ ಆರೋಗ್ಯದಿಂದಲೇ ಬಾಳುತ್ತಾರೆ. ವರ್ಷಗಳಿಂದ ಹಾಗೆಯೇ ಇರುವ ಗಂಟಲಿನ ಊತ ಚಿಂತೆಯ ವಿಷಯವಲ್ಲ. ಕೆಲವೇ ವಾರಗಳಲ್ಲಿ ಅದು ಬೇಗ ಬೇಗ ದೊಡ್ಡದಾದರೆ, ಧ್ವನಿ ಒಡೆದರೆ, ನುಂಗುವಾಗ ಅಡ್ಡಿಯಾದರೆ, ಮಲಗಿದಾಗ ಉಸಿರು ಕಟ್ಟಿದಂತಾದರೆ, ಮುಂದಿನ ತಪಾಸಣೆಯ ದಿನಾಂಕಕ್ಕೆ ಕಾಯದೆ ಆ ವಾರವೇ ವೈದ್ಯರನ್ನು ಕಂಡು ಸ್ಕ್ಯಾನ್ ಮಾಡಿಸಿ, ತುಣುಕು ತೆಗೆದು ನೋಡಬೇಕೇ ಎಂದು ಕೇಳಿ.